ನೊಣ ಕೂರದ ಗಾಯ

"ಡಾಕ್ಟರ್ ಸಾಹೇಬ್ರ, ಅಲ್ಲಿ ಚಾಕು ಹಚ್ಚಬ್ಯಾಡ್ರಿ. ಅದು ಗಾಯ ಅಲ್ಲ."

ಮೂಗಿಗೆ ಕಟ್ಟಿದ್ದ ಬಟ್ಟೆಯೊಳಗಿಂದ ಬಂದರೂ ರಿಹಾನಾಳ ದನಿ ಸ್ಪಷ್ಟವಾಗಿತ್ತು. ಅಥಣಿಯ ಶವಾಗಾರದ ಕಲ್ಲುಮೇಜಿನ ಆಚೆ ನಿಂತಿದ್ದ ಡಾಕ್ಟರ್ ಭೀಮಗೊಂಡ ಪಾಟೀಲರು ಎತ್ತಿದ ಕೈಯನ್ನು ಹಾಗೇ ಹಿಡಿದು ಅವಳ ಮುಖ ನೋಡಿದರು. ಅವರ ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ್ ನೀಲಮ ಕಾಂಬಳೆಯೂ ನೋಡಿದಳು.

ಮೇಜಿನ ಮೇಲಿದ್ದವನು ಕಾಕಾಸಾಹೇಬ. ಉಗಾರದ ಕಡೆಯ ಕಬ್ಬಿನ ಲಾರಿಗಳ ಧಣಿ. ತನ್ನದೇ ಹಣದಲ್ಲಿ ಸಿನಿಮಾ ತೆಗೆಯಲು ಹೊರಟು, ಅದರಲ್ಲಿ ಕುತ್ತಿಗೆ ಕೊಯ್ಸಿಕೊಂಡು ಸಾಯುವ ಪಾತ್ರವನ್ನೂ ತಾನೇ ಇಟ್ಟುಕೊಂಡಿದ್ದ ಶೋಕಿಯ ಮನುಷ್ಯ. ಸೋಮವಾರ ಊರೂರಿನ ಮೊಬೈಲುಗಳಲ್ಲಿ ಅವನ ಫೋಟೋ ಹರಿದಾಡಿತ್ತು: ಶೂಟಿಂಗಿನ ವ್ಯಾನಿನಲ್ಲಿ ಮಲಗಿದ್ದಾನೆ, ಗಂಟಲು ಸೀಳಿದೆ. ಕಳಿಸಿದವರು ಯಾರೋ ಗೊತ್ತಿಲ್ಲ. ಮಂಗಳವಾರ ಪೊಲೀಸರು ಆ ವ್ಯಾನಿನ ಡ್ರೈವರನನ್ನು ಎತ್ತಿಕೊಂಡು ಹೋದರು. ಅವನು ರಿಹಾನಾಳ ತಮ್ಮ ಅಕೀಬ. ಇವತ್ತು, ಬುಧವಾರ ಬೆಳಿಗ್ಗೆ, ಉಗಾರದಾಚೆಯ ಮುಚ್ಚಿದ ಬೆಲ್ಲದ ಗಾಣದಲ್ಲಿ ಹೆಣ ಸಿಕ್ಕಿತ್ತು.

"ಗಾಯ ಅಲ್ಲಂದ್ರ ಮತ್ತೇನ್ರಿ?" ಎಂದರು ಡಾಕ್ಟರು.

"ನೊಣ ನೋಡ್ರಿ."

ನೋಡಿದರು. ಕಣ್ಣಿನ ಮೂಲೆ, ಮೂಗು, ತುಟಿ, ಬೆರಳ ಸಂದಿ ಎಲ್ಲ ಕಡೆಯೂ ನೊಣ ಮುತ್ತಿದ್ದವು. ಕುತ್ತಿಗೆಯ ಆ ದೊಡ್ಡ ಕೆಂಪು ಸೀಳಿನ ಮೇಲೆ ಮಾತ್ರ ಒಂದೂ ಕೂತಿರಲಿಲ್ಲ. ಮೈಯೆಲ್ಲ ಉಬ್ಬಿ ಕಪ್ಪಿಟ್ಟಿತ್ತು, ಸೀಳಿನ ಸುತ್ತಲಿನ ಅಂಗೈಯಗಲ ಚರ್ಮ ಮಾತ್ರ ಈಗಷ್ಟೇ ಜಳಕ ಮಾಡಿ ಬಂದವನದರಂತಿತ್ತು. ಮನುಷ್ಯರನ್ನು ಮೋಸಗೊಳಿಸಬಹುದು, ನೊಣವನ್ನು ಆಗುವುದಿಲ್ಲ.

"ಸಿಲಿಕಾನ್ ಐತ್ರಿ ಅದು. ನಾನ ಮಾಡಿದ್ದು," ಎಂದಳು ರಿಹಾನಾ.

ಅವಳ ಕಸುಬೇ ಅದು. ಕುಡಚಿಯಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದ ಅಪ್ಪ ಹಸನಸಾಬ ಬಯಲಾಟದವರಿಗೆ ಗಡ್ಡ ಮೀಸೆ ಅಂಟಿಸಿ ಬಣ್ಣ ಬಳಿಯುತ್ತಿದ್ದ. ಅವನ ತೊಡೆಯ ಪಕ್ಕ ಕೂತು ಅಂಟಿನ ಬಟ್ಟಲು ಹಿಡಿದ ಹುಡುಗಿ ಆಮೇಲೆ ಕೊಲ್ಹಾಪುರಕ್ಕೆ, ಅಲ್ಲಿಂದ ಮುಂಬೈಗೆ, ಹೈದರಾಬಾದಿಗೆ ಹೋದಳು. ಸುಟ್ಟ ಮುಖ, ಗುಂಡು ಹೊಕ್ಕ ಹಣೆ, ಹಲ್ಲಿಲ್ಲದ ಮುದುಕಿ, ಎಲ್ಲ ಮಾಡಿದಳು. ತೆರೆಯ ಮೇಲೆ ನೀವು ಕಣ್ಣು ಮುಚ್ಚಿಕೊಂಡ ಎಷ್ಟೋ ದೃಶ್ಯಗಳು ಅವಳ ಕೈಯಿಂದ ಬಂದವು. ಹೆಸರು ಮಾತ್ರ ಕೊನೆಗೆ ಬರುತ್ತದೆ, ಜನ ಚಪ್ಪಲಿ ಹುಡುಕುವ ಹೊತ್ತಿಗೆ. ತನ್ನ ಊರ ಕಡೆಯ ಸಿನಿಮಾ ಎಂಬ ಒಂದೇ ಆಸೆಗೆ ಅವಳು ಈ ಕೆಲಸ ಒಪ್ಪಿಕೊಂಡಿದ್ದಳು. ಆಸೆಗೆ ಬಂದವಳಿಗೆ ಸಿಕ್ಕಿದ್ದು ಇದು.

ಮಂಗಳವಾರದಿಂದ ಅವಳು ಠಾಣೆಯಲ್ಲಿ ಒಂದೇ ಮಾತು ಹೇಳುತ್ತ ಬಂದಿದ್ದಳು. ಫೋಟೋದಲ್ಲಿರುವ ಗಾಯ ನನ್ನದು, ವ್ಯಾನಿನಲ್ಲಿರುವ ರಕ್ತ ನಾನೇ ಕಬ್ಬಿನ ಕಾಕವಿಗೆ ಬಣ್ಣ ಹಾಕಿ ಕುದಿಸಿದ್ದು, ಕಾಕಾಸಾಹೇಬ ಎಲ್ಲೋ ಬದುಕಿದ್ದಾನೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಣ ಸಿಕ್ಕ ಮೇಲೆ ನೀಲಮ ತಾನೇ ಅವಳನ್ನು ಇಲ್ಲಿಗೆ ಕರೆತಂದಿದ್ದಳು. ಈಗ ಅರ್ಧ ಮಾತು ನಿಜವಾಗಿತ್ತು, ಇನ್ನರ್ಧ ಮೇಜಿನ ಮೇಲೆ ನಾರುತ್ತಿತ್ತು.

ನೀಲಮ ಹತ್ತಿರ ಬಂದಳು. ಕಡಿಮೆ ಮಾತಿನ ಹೆಂಗಸು. ಎದುರಿನವರ ಬಾಯಿಗಿಂತ ಕೈಯನ್ನು ಹೆಚ್ಚು ನೋಡುತ್ತಿದ್ದಳು.

"ನಿಮ್ಮದ ಅಂದಮ್ಯಾಲ ನೀವ ತಗೀರಿ. ಮಧ್ಯಾಹ್ನ ಅಕೀಬನ್ನ ಕೋರ್ಟಿಗೆ ಹಾಜರ ಮಾಡಬೇಕು. ಅಲ್ಲಿಂದ ಹಿಂಡಲಗಾ ಜೇಲಿಗೆ ಹ್ವಾದ ಅಂದ್ರ ಹೊರಗ ಬರೂದು ಭಾಳ ತಡಾ ಆಕ್ಕೈತಿ. ಹೇಳೂದು ಏನರ ಇದ್ರ ಈಗ ಹೇಳ್ರಿ."

"ತಗೀತೀನ್ರಿ ಮೇಡಂ."

ಕಾನ್ಸ್‌ಟೇಬಲ್ ಮಾಯಪ್ಪ ಮೊಬೈಲಿನಲ್ಲಿ ಚಿತ್ರೀಕರಣ ಶುರು ಮಾಡಿದ. ರಿಹಾನಾ ಚೀಲದಿಂದ ಸಣ್ಣ ಕುಂಚ ತೆಗೆದು ಅಂಟು ಬಿಡಿಸುವ ದ್ರವದಲ್ಲಿ ಅದ್ದಿದಳು. ಬದುಕಿದ್ದವರ ಮೈಯಿಂದ ಇಂಥವನ್ನು ಬಿಡಿಸುವಾಗ ಅವಳು ಹಾಡು ಗುನುಗುತ್ತಿದ್ದಳು, ನಟರು ಹೆದರದಿರಲೆಂದು. ಇವತ್ತು ಹಲ್ಲು ಕಚ್ಚಿಕೊಂಡಿದ್ದಳು.

ಅಂಚು ಸಡಿಲಾಯಿತು. ಕೆಳಗೆ ಕೊಯ್ತವಿಲ್ಲದ ಚರ್ಮ ಇರಬೇಕು, ಕಾಕಾಸಾಹೇಬ ಹೃದಯ ನಿಂತೋ ಹಾವು ಕಚ್ಚಿಯೋ ಸತ್ತಿರಬೇಕು, ಯಾ ಅಲ್ಲಾ, ಅಷ್ಟಾದರೆ ನನ್ನ ತಮ್ಮ ಮನೆಗೆ ಬರುತ್ತಾನೆ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

ಗಾಯ ಪೂರ್ತಿ ಬಿಟ್ಟುಬಂತು. ಅದನ್ನು ತಟ್ಟೆಗೆ ಹಾಕಿ ಬಗ್ಗಿ ನೋಡಿದಳು.

ಕೊಯ್ತವಿರಲಿಲ್ಲ. ಗಂಟಲ ಗಂಟಿನ ಎರಡೂ ಬದಿಗೆ ಎರಡು ಕಪ್ಪು ಗುರುತು ಇದ್ದವು, ಹೆಬ್ಬೆರಳ ಅಗಲಕ್ಕೆ.

"ಹಿಚುಕ್ಯಾರ," ಎಂದರು ಡಾಕ್ಟರು. "ಎರಡೂ ಕೈಲೆ."

ಹಿಂದಿನ ಶನಿವಾರ ಹೊಳೆದಂಡೆಯ ಶೂಟಿಂಗಿನಲ್ಲಿ ಕಾಕಾಸಾಹೇಬ ಎಲ್ಲರೆದುರು ಅಕೀಬನ ಕಪಾಳಕ್ಕೆ ಹೊಡೆದಿದ್ದ. ಅಕೀಬ ಅವನ ಕುತ್ತಿಗೆಗೆ ಎರಡೂ ಕೈ ಹಾಕಿದ್ದ. ಬಿಡಿಸಲು ಲೈಟಿನ ಹುಡುಗರೆಲ್ಲ ಸೇರಬೇಕಾಯಿತು. ಇಡೀ ಯೂನಿಟ್ಟೇ ಅದಕ್ಕೆ ಸಾಕ್ಷಿ.

ತಮ್ಮನನ್ನು ಬಿಡಿಸಲು ಬಂದ ಅಕ್ಕ ತನ್ನ ಕೈಯಾರೆ ಅವನ ಕುತ್ತಿಗೆಗೆ ಹಗ್ಗ ಬಿಗಿದಂತಾಗಿತ್ತು. ಆದರೂ ಕಣ್ಣು ತನ್ನ ಕೆಲಸ ಬಿಡಲಿಲ್ಲ.

"ಇನ್ನೊಂದು ಐತ್ರಿ," ಎಂದಳು ಆತುರದಿಂದ. "ಬದುಕಿದ್ದವರ ಮೈಗೆ ಇದನ್ನ ಹಚ್ಚಿದ್ರ ಅಂಟಿಗೆ ಚರ್ಮ ಕೆಂಪಾಗತೈತಿ. ಇಲ್ಲಿ ಕೆಂಪ ಆಗೇ ಇಲ್ಲ. ಸತ್ತಮ್ಯಾಲ ಹಚ್ಚ್ಯಾರ್ರಿ. ಬೆರಳಿನ ಗುರುತು ಮುಚ್ಚಾಕಂತ ಹಚ್ಚ್ಯಾರ."

ಡಾಕ್ಟರು ಬಗ್ಗಿ ನೋಡಿ ತಲೆದೂಗಿದರು. "ಖರೆ ಐತಿ. ಆದ್ರ ಈ ಬಿಳೇದು ಏನಿದು? ಪುಡಿ ಹಂಗ ಐತಿ."

ಅವಳು ಆಗ ಅದನ್ನು ಕಂಡಳು. ಗಾಯ ಕೂತಿದ್ದ ಜಾಗದ ತುಂಬ ತೆಳ್ಳನೆಯ ಬಿಳಿ ಪದರ, ಟ್ಯೂಬ್‌ಲೈಟಿನ ಬೆಳಕಿಗೆ ಸಣ್ಣಗೆ ಮಿನುಗುತ್ತಿತ್ತು. ಕೈಗವಸು ತೊಟ್ಟ ಬೆರಳಿನಿಂದ ಮುಟ್ಟಿದಳು. ಉಸುಕಿನಂತೆ ತರಿತರಿ.

ಆ ತರಿ ರಿಹಾನಾಳ ಬೆರಳಿಗೆ ಗೊತ್ತಿತ್ತು.

ತುರಟಿ. ಕ್ಷೌರ ಮಾಡಿದ ಮೇಲೆ ಗದ್ದಕ್ಕೆ ತಿಕ್ಕುತ್ತಾರಲ್ಲ, ಆ ಪಟಿಕದ ಕಲ್ಲು. ನಮ್ಮ ಕಡೆಯ ಬಿಸಿಲಿಗೆ ಬೆವರು ಹರಿದು ಬಣ್ಣದವರ ಗಡ್ಡಮೀಸೆ ಆಟದ ನಡುವೆಯೇ ಕಳಚಿ ಬೀಳುತ್ತಿದ್ದವು. ಅದಕ್ಕೆ ಹಸನಸಾಬ ಮೊದಲು ಒದ್ದೆ ತುರಟಿ ತಿಕ್ಕಿ ಒಣಗಿಸಿ ಆಮೇಲೆ ಅಂಟು ಹಚ್ಚುತ್ತಿದ್ದ. ಚರ್ಮ ಬಿಗಿದು ಬೆವರು ನಿಲ್ಲುತ್ತಿತ್ತು. ಮುಂಬೈಯಲ್ಲಿ ಇದಕ್ಕೆಂದೇ ದುಬಾರಿ ಬಾಟಲಿಗಳಿವೆ, ಅಲ್ಲಿನ ಯಾರೂ ಕಲ್ಲು ತಿಕ್ಕುವುದಿಲ್ಲ. ರಿಹಾನಾ ತಿಕ್ಕುತ್ತಾಳೆ. ಅಪ್ಪ ತಿಕ್ಕುತ್ತಾನೆ. ಮೂರನೆಯವರನ್ನು ಅವಳು ಕಂಡಿಲ್ಲ.

ಆದರೆ ಸತ್ತವನಿಗೆಲ್ಲಿಯ ಬೆವರು? ಹೆಣಕ್ಕೆ ತುರಟಿ ತಿಕ್ಕುವ ಮೂರ್ಖರು ಯಾರಿದ್ದಾರೆ? ಕೈಗೆ ಅಭ್ಯಾಸ ಆಗಿಬಿಟ್ಟಿದ್ದವರು ಮಾತ್ರ ಹಾಗೆ ಮಾಡಿಯಾರು. ಎದುರಿಗಿರುವುದು ಜೀವವೋ ಹೆಣವೋ ಎಂದು ತಲೆ ಯೋಚಿಸುವ ಮೊದಲೇ ಕೈ ಕಲ್ಲಿಗೆ ಹೋಗಿರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಮ್ಮನೆ ಅಲ್ಲ.

ತಟ್ಟೆಯಲ್ಲಿದ್ದ ಗಾಯವನ್ನು ಮತ್ತೆ ನೋಡಿದಳು. ಎಡಗಿವಿಯ ಕಡೆಯ ಅಂಚು ಸಣ್ಣಗೆ ಮಡಚಿಕೊಂಡಿತ್ತು. ಅವಳ ಕೈಯಲ್ಲಿ ಅಂಚು ಎಂದೂ ಮಡಚುವುದಿಲ್ಲ. ನಡುಗುವ ಕೈಯಲ್ಲಿ ಮಡಚುತ್ತದೆ. ಅಪ್ಪ ಅಂಗಡಿ ಮುಚ್ಚಿದ್ದು ಕೈ ನಡುಗುತ್ತದೆಂದೇ.

"ರಿಹಾನಾ ಬಾಯಿ," ಎಂದಳು ನೀಲಮ. ಅವಳು ಹೆಣವನ್ನು ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದಳು. "ಹೊರಗ ಬರ್ರಿ ಸ್ವಲ್ಪ."

ಪಕ್ಕದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಇದ್ದವು. ಕಿಟಕಿಯಾಚೆ ಬೇವಿನ ಮರದ ಕಟ್ಟೆಯ ಮೇಲೆ ಹಸನಸಾಬ ಕೂತಿದ್ದ. ಬಿಳಿ ಟೋಪಿ, ತೊಡೆಯ ಮೇಲೆ ಮಗನಿಗೆಂದು ತಂದ ಬುತ್ತಿಯ ಡಬ್ಬಿ. ರಿಹಾನಾ ಕಿಟಕಿಗೆ ಬೆನ್ನು ಮಾಡಿ ಕೂತಳು.

"ಏನದು ಬಿಳೇದು?"

"ಪೌಡರ್ ಇರಬೇಕ್ರಿ."

"ಪೌಡರ್ ಮಿಂಚತೈತೇನ್ರಿ?"

ರಿಹಾನಾ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇಂಥಾ ಗಾಯ ಎಷ್ಟ ಮಾಡಿದ್ರಿ ನೀವು?"

"ಎರಡು. ಒಂದು ಶೂಟಿಂಗಿನ್ಯಾಗ ಹರದ ಹೋತು."

"ಇನ್ನೊಂದು?"

"ಕುಡಚ್ಯಾಗ ನಮ್ಮ ಮನ್ಯಾಗಿತ್ರಿ. ನನ್ನ ಟ್ರಂಕಿನ್ಯಾಗ."

"ಕೀಲಿ ಯಾರ ಕಡೆ ಇರತೈತಿ?"

"ಗ್ವಾಡಿಗೆ ತೂಗ ಹಾಕಿರತೀವಿ."

"ಮನ್ಯಾಗ ಯಾರ್ಯಾರು?"

"ನಾನು, ಅಕೀಬ, ಅಬ್ಬಾ."

ನೀಲಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ನೋಡ್ರಿ, ನನಗ ಈಗ ಕಾಣೂದು ಇಷ್ಟು. ಶನಿವಾರ ಅಕೀಬ ಕುತ್ತಿಗಿ ಹಿಡದ. ಆಮ್ಯಾಲ ಅದ ಕುತ್ತಿಗಿ ಹಿಚುಕಿದ. ಮನ್ಯಾಗಿನ ಗಾಯ ತಂದು ಮ್ಯಾಲ ಅಂಟಿಸಿದ. ಅಕ್ಕನ್ನ ನೋಡಿ ಕಲತಿರತಾನ. ಕೋರ್ಟಿಗೆ ಇಷ್ಟ ಸಾಕು."

"ಅಂವಗ ಅಂಟಸಾಕ ಬರಂಗಿಲ್ರಿ ಮೇಡಂ. ಅಂವ ಕುಂಚ ಸೈತ ಹಿಡದಿಲ್ಲ. ಸಣ್ಣಾಂವ ಇದ್ದಾಗಿಂದ ಗಾಡಿ ಅಂದ್ರ ಗಾಡಿ, ಅಷ್ಟ."

"ಅದನ್ನ ನೀವು ಹೇಳತೀರಿ. ಅಂವನ ಅಕ್ಕ. ನಂಬೂದು ಹೆಂಗ?"

ನಂಬಿಸಲು ಒಂದೇ ದಾರಿಯಿತ್ತು. ಅದು ತುರಟಿ. ಕಸುಬು ಬಲ್ಲ ಕೈ ಇದನ್ನು ಹಚ್ಚಿದೆ, ಅಕೀಬನದಲ್ಲ ಎಂದರೆ ತಮ್ಮ ಉಳಿಯುತ್ತಾನೆ. ಹಾಗಾದರೆ ಯಾರ ಕೈ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ತಾಯಿ ಸತ್ತ ಮೇಲೆ ಅಕೀಬನಿಗೆ ತುತ್ತು ಮಾಡಿ ತಿನ್ನಿಸಿದ್ದವಳು ರಿಹಾನಾ. ಹೆಣ್ಣುಹುಡುಗಿಗೆ ಬಣ್ಣದ ಕಸುಬು ಯಾಕೆ ಎಂದು ಓಣಿಯವರೆಲ್ಲ ಬಾಯಿ ಮಾಡಿದಾಗ, ನನ್ನ ಮಗಳು ಕಲಿಯುತ್ತಾಳೆ, ನಿಮ್ಮ ಮನೆಯ ಒಲೆ ನೋಡಿಕೊಳ್ಳಿ ಎಂದಿದ್ದವನು ಕಟ್ಟೆಯ ಮೇಲೆ ಕೂತಿದ್ದ ಆ ಮುದುಕ. ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದರೆ ಯಾವ ಕೈಯಿಂದ ಆರಿಸಬೇಕು?

"ರಿಹಾನಾ ಬಾಯಿ, ಹೊತ್ತಾಗಾಕತ್ತೈತಿ."

"ತುರಟಿ ಐತ್ರಿ ಅದು," ಎಂದಳು ರಿಹಾನಾ. ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿ ಬಂತು. ಬೆವರು, ಅಂಟು, ಬಯಲಾಟ ಎಲ್ಲ ಹೇಳಿದಳು. "ಅಕೀಬಗ ಇದು ಗೊತ್ತಿಲ್ಲ. ಯೂನಿಟ್ಟಿನ್ಯಾಗೂ ಯಾರೂ ಹಿಂಗ ಮಾಡಂಗಿಲ್ಲ. ಹಿಂಗ ಮಾಡೂ ಕೈ ಒಂದ ಐತ್ರಿ."

"ಯಾರದು?"

"ನಂದು."

ನೀಲಮ ಬಾಗಿಲ ಕಡೆ ಒಮ್ಮೆ ನೋಡಿದಳು.

"ನಾನ ಹಚ್ಚೀನ್ರಿ. ಅಂವ ನನ್ನ ತಮ್ಮಗ ಎಲ್ಲಾರ ಮುಂದ ಹೊಡದಾನ ಅಂತ ಸಿಟ್ಟಿತ್ತು. ನಾನ ಹಿಚುಕೀನಿ, ನಾನ ಮುಚ್ಚೀನಿ. ಅಕೀಬನ್ನ ಬಿಡ್ರಿ."

"ಅಷ್ಟ ದೊಡ್ಡ ಮನಷ್ಯಾನ್ನ ನೀವು ಹಿಚುಕಿದ್ರಿ?"

"ದಿನಾ ಪ್ಲಾಸ್ಟರ್ ಚೀಲ ಎತ್ತತೀನ್ರಿ ನಾನು."

ನೀಲಮ ಅವಳ ಕೈಗಳನ್ನು ನೋಡಿದಳು. ಆಮೇಲೆ ತಣ್ಣಗೆ ಹೇಳಿದಳು.

"ನೀವು ಸುಳ್ಳ ಹೇಳಾಕತ್ತೀರಿ ಅಂತ ನನಗನಸತೈತಿ. ಆದ್ರ ಒಂದು ತೊಡಕ ಐತಿ. ಇವತ್ತ ಮುಂಜಾನೆ, ಹೆಣಾ ಸಿಕ್ಕೈತಿ ಅಂತ ಸುದ್ದಿ ಬಂದಕೂಡ್ಲೆ, ನಿಮ್ಮ ಅಪ್ಪಾರು ಠಾಣಾಕ ಬಂದಿದ್ರು. ನೀವು ಬರೂಕಿಂತ ಮೊದಲ. ‘ಮೇಡಂ, ಆ ಗಾಯ ತಗದ್ರ ಕೆಳಗ ತುರಟಿ ಸಿಗತೈತಿ. ಅದು ನನ್ನ ಮಗಳ ಕೈ. ನನ್ನ ಮಗನ್ನ ಬಿಡ್ರಿ’ ಅಂದ್ರು."

ರಿಹಾನಾಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಅಬ್ಬಾ ಹೇಳಿದ್ರಾ? ನನ್ನ ಹೆಸರು?"

"ನಿಮ್ಮ ಹೆಸರು. ತಗಿಯೂಕಿಂತ ಮೊದಲ ಕೆಳಗ ಏನೈತಿ ಅಂತ ಅವರಿಗೆ ಹೆಂಗ ಗೊತ್ತಾತು, ಅದನ್ನ ನಾ ಇನ್ನೂ ಕೇಳಿಲ್ಲ. ನೀವ ಕೇಳತೀರೇನು?"

ರಿಹಾನಾ ಎದ್ದಳು. ಕುರ್ಚಿ ಹಿಂದಕ್ಕೆ ಬಿದ್ದಿತು. ಎತ್ತಲಿಲ್ಲ.

ಕಟ್ಟೆಯ ಹತ್ತಿರ ಹೋಗಿ ನಿಂತಾಗ ಹಸನಸಾಬ ತಲೆ ಎತ್ತಿದ. ಡಬ್ಬಿಯ ಮೇಲಿದ್ದ ಬೆರಳು ನಡುಗುತ್ತಿದ್ದವು. ಮಗಳ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು.

"ಹೇಳಿದ್ರೇನು ಮೇಡಂ?"

"ಹೇಳಿದ್ರು. ಯಾಕ ಹಂಗ ಮಾಡಿದ್ರಿ ಅಬ್ಬಾ?"

"ಅಂವ ಏನೂ ಮಾಡಿಲ್ಲ ಬೇಟಾ. ಏನೂ ಮಾಡಲಾರದ ಹುಡುಗ ಜೇಲಿಗೆ ಹೋಗಬೇಕೇನು? ನೀ ಗಟ್ಟಿ ಅದಿ. ನೀ ತಡಕೋತಿ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈಗಷ್ಟೇ ಈ ಮುದುಕನಿಗಾಗಿ ತನ್ನ ಕುತ್ತಿಗೆಯನ್ನು ಒಡ್ಡಿ ಬಂದಿದ್ದಳು.

"ಗಟ್ಟಿ ಅದೀನಿ ಅಂತ ನಿಮ್ಮ ತಪ್ಪ ನನ್ನ ತಲಿಮ್ಯಾಗ ಹಾಕತೀರೇನು? ಅದನ್ನ ಹಚ್ಚಿದ್ದು ನೀವು. ಅಂಚ ಮಡಚೇತಿ, ನಾ ನೋಡೀನಿ."

"ಹಚ್ಚಿದ್ದು ನಾನ," ಎಂದ ಹಸನಸಾಬ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ಬರೀ ಗೊಂದಲವಿತ್ತು. "ನೀನ ಹೇಳಿದ್ದಿ ಅಲ್ಲ, ಅದಕ್ಕ ಹಚ್ಚೀನಿ."

"ನಾ ಹೇಳಿದ್ನಾ?"

"ಐತವಾರ, ಮಗ್ರಿಬ್ ನಮಾಜ್ ಆದಮ್ಯಾಲ. ಫೋನ್ ಮಾಡಿದ್ದಿ. ‘ಅಬ್ಬಾ, ನನ್ನ ಕೈಲೆ ತಪ್ಪಾಗೇತಿ, ಟ್ರಂಕಿನ್ಯಾಗಿನ ಗಾಯ ತಗೊಂಡ ವ್ಯಾನ್ ಕಡೆ ಬರ್ರಿ, ಮುಚ್ಚಿಬಿಡ್ರಿ’ ಅಂದಿ. ಅಳಾಕತ್ತಿದ್ದಿ. ಬಂದು ನೋಡಿದ್ರ ಅಂವ ಸತ್ತ ಬಿದ್ದಿದ್ದ, ನೀ ಇರಲಿಲ್ಲ. ಹೆದರಿ ಹೋಗಿರಬೇಕು ಅಂತ ತಿಳದ್ನಿ. ಮುಚ್ಚಿ, ಅಂವನ್ನ ವ್ಯಾನಿನ್ಯಾಗ ಬಿಟ್ಟು ಮನಿಗೆ ಬಂದ್ನಿ. ಆಮ್ಯಾಲ ಗಾಣಕ್ಕ ಯಾರು ಒಯ್ದ್ರೋ ನನಗ ಗೊತ್ತಿಲ್ಲ. ನೀ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಕೀಬನ್ನ ಹಿಡದಮ್ಯಾಲ ನೀನ ಹೋಗಿ ಒಪ್ಪಿಗೋತಿ ಅಂತ ದಾರಿ ನೋಡಿದ್ನಿ ಬೇಟಾ. ನೀ ಒಪ್ಪಿಗೊಳ್ಳಲಿಲ್ಲ."

ಭಾನುವಾರ ಸಂಜೆ ರಿಹಾನಾ ಉಗಾರದ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಅಚ್ಚು ಎರೆಯುತ್ತಿದ್ದಳು. ಮೊಣಕೈವರೆಗೆ ಪ್ಲಾಸ್ಟರು. ಫೋನು ಹೊರಗೆ, ಯೂನಿಟ್ಟಿನವರೆಲ್ಲ ಊಟ ಮಾಡುವ ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿತ್ತು. ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಹಿಂದಿನ ಕೋಣೆಯಲ್ಲಿ ಅವಳನ್ನು ನೋಡಿದವರು ಯಾರೂ ಇಲ್ಲ.

"ಅಬ್ಬಾ, ನಾ ಫೋನ್ ಮಾಡಿಲ್ಲ."

"ನಿನ್ನ ನಂಬರ ಬಂದಿತ್ತು. ಹೆಸರ ಕಾಣಸತಿತ್ತು."

"ದನಿ? ದನಿ ನಂದ ಇತ್ತೇನು?"

ಹಸನಸಾಬ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. ಈಗ ಮೊದಲ ಸಲ ಆ ಪ್ರಶ್ನೆ ತನ್ನನ್ನು ತಾನು ಕೇಳಿಕೊಂಡವನ ಹಾಗೆ ಕಾಣಿಸಿದ.

"ಅಳಾಕತ್ತಿದ್ಲು ಬೇಟಾ," ಎಂದ ಮೆಲ್ಲಗೆ. "ಅಳೂ ಮುಂದ ಹೆಣ್ಣಮಕ್ಕಳ ದನಿ ಎಲ್ಲಾರದೂ ಒಂದ ಇರತೈತಿ."

ಹಿಂದೆ ಬೂಟಿನ ಸಪ್ಪಳವಾಯಿತು. ನೀಲಮ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ, ಮುದುಕನ ಅಂಗಿಯ ಜೇಬಿನಿಂದ ಅವನ ಸಣ್ಣ ಫೋನನ್ನು ತಾನೇ ತೆಗೆದುಕೊಂಡು ಗುಂಡಿ ಒತ್ತಿ ನೋಡಿದಳು. ಭಾನುವಾರ ಸಂಜೆಯ ಕರೆ ಅಲ್ಲಿತ್ತು. ಮಗಳ ಹೆಸರೂ ಇತ್ತು.

ಆ ಹೊತ್ತಿಗೆ ಜೀಪು ಗೇಟಿನೊಳಗೆ ಬಂತು. ಹಿಂದಿನ ಸೀಟಿನಿಂದ ಅಕೀಬ ಅಕ್ಕನನ್ನು ಕಂಡು ಕೈ ಎತ್ತಿದ.

"ಮೇಡಂ, ನಾ ಒಳಗ ಹೇಳಿದ್ದು," ಎಂದು ರಿಹಾನಾ ಶುರು ಮಾಡಿದಳು.

"ಮಾಯಪ್ಪ ಎಲ್ಲಾ ಬರಕೊಂಡಾನ್ರಿ, ಬಾಗಿಲ ಹೊರಗ ನಿಂತು," ಎಂದಳು ನೀಲಮ. ಅವಳ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. "ನೀವು ಕೇಳಿದಂಗ ಅಕೀಬನ್ನ ಬಿಡತೀವಿ. ನೀವು ಜೀಪ್ ಹತ್ರಿ. ನಿಮ್ಮ ಫೋನ್ ಇತ್ತ ಕೊಡ್ರಿ."